ಅಚಲೆಯ ಒಡಲಿನ ಚಲನೆ

ನಮ್ಮ ನಿಘಂಟುಗಳಲ್ಲಿ ಭೂಮಿಗೆ ‘ಅಚಲೆ’, ‘ಸ್ಥಿರೆ’ ಎಂಬ ಹೆಸರುಗಳಿವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಬಂದ ನಮಗೆ ಆ ಹೆಸರುಗಳು ಒಪ್ಪುವಂತಹವೇ. ನಮ್ಮ ಹೊಲಗಳ ಕೆಳಗಿರುವ ಧಾರವಾಡ ಶಿಲಾಸ್ತೋಮಕ್ಕೆ 250 ಕೋಟಿ ವರ್ಷಗಳಿಗೂ ಮಿಗಿಲಾದ ವಯಸ್ಸು. ಆದರೂ ಈ ನೆಲ ಭಾರತ ಫಲಕದೊಡನೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಅದರ ಆಳದಲ್ಲಿ ಶಿಲೆಯೇ ಹರಿಯುತ್ತಿದೆ. ಇದನ್ನು ಮನೆಯಲ್ಲಿ ಹೇಳಿದಾಗ, ಶಾಲೆಯ ಮೆಟ್ಟಿಲು ಹತ್ತದ ನಮ್ಮ ತಂದೆಯವರು, “ಒಳಗೆ ಹೋಗಿ ನೋಡಿದವರು ಯಾರಪ್ಪ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದು.

ಯಾರೂ ಹೋಗಿಲ್ಲ. ರಷ್ಯದ ಕೋಲಾದಲ್ಲಿ ಕೊರೆದ ರಂಧ್ರವೂ 12 ಕಿಲೋಮೀಟರಿಗಿಂತ ತುಸುವೇ ಹೆಚ್ಚು ಆಳ. ನಮ್ಮ ಭಾಗದಲ್ಲಿ ಭೂಕವಚವೇ ಸುಮಾರು 40 ಕಿಲೋಮೀಟರು ದಪ್ಪ. ಅದರ ಕೆಳಗೆ 660 ಕಿಲೋಮೀಟರಿನವರೆಗೆ ಇರುವುದೇ ಮೇಲಿನ ಮ್ಯಾಂಟಲ್.

ಅಲ್ಲಿಗೆ ಹೋಗಿಬರುವ ದೂತರೆಂದರೆ ಭೂಕಂಪದ ಅಲೆಗಳು. ಬಿಸಿಯಾದ ಶಿಲೆಯಲ್ಲಿ ಅವು ನಿಧಾನ, ತಣ್ಣನೆಯ ಶಿಲೆಯಲ್ಲಿ ವೇಗ. ಒಂದೇ ಊರಿನಿಂದ ಹೊರಟ ಬಂಡಿಗಳಲ್ಲಿ ಒಂದು ತಡವಾದರೆ, ಅದರ ದಾರಿಯಲ್ಲಿ ಎರೆಮಣ್ಣಿನ ಕೆಸರಿತ್ತೆಂದು ಊಹಿಸುತ್ತೇವಷ್ಟೆ. ಒಂದನ್ನೊಂದು ಹಾಯುವ ಸಾವಿರಾರು ದಾರಿಗಳ ಹೊತ್ತನ್ನು ಹೋಲಿಸಿದರೆ, ಕೆಸರು ಎಲ್ಲೆಲ್ಲಿದೆ ಎಂಬ ನಕ್ಷೆಯೇ ಸಿದ್ಧವಾಗುತ್ತದೆ. ಗೌರಿಬಿದನೂರಿನ ಕೇಂದ್ರ 1960ರ ದಶಕದಿಂದ ಇಂತಹ ಅಲೆಗಳನ್ನು ದಾಖಲಿಸುತ್ತ ಬಂದಿದೆ.

ದ್ವಿತೀಯಕ ಅಲೆಗಳು ದ್ರವದಲ್ಲಿ ಸಾಗಲಾರವು; ಮ್ಯಾಂಟಲಿನಲ್ಲಿ ಸಾಗುತ್ತವೆ. ಆದುದರಿಂದ ಅದು ಕರಗಿದ ಕಡಲಲ್ಲ, ಗಟ್ಟಿ ಶಿಲೆ. ಸುತ್ತಿಗೆಗೆ ಒಡೆಯುವ ಡಾಂಬರು ಬಿಸಿಲಿನಲ್ಲಿ ಮೆಲ್ಲನೆ ಹರಿಯುವಂತೆ, ಆ ಶಿಲೆಯೂ ಲಕ್ಷಾಂತರ ವರ್ಷಗಳಲ್ಲಿ ಹರಿಯುತ್ತದೆ. ಬಿಸಿಯಾದುದು ಮೇಲೇರಿ, ತಣಿದುದು ಕೆಳಗಿಳಿಯುತ್ತದೆ. ಇದೇ ಸಂವಹನ.

ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಅಲೆ ನಿಧಾನವಾಗಲು ಶಾಖವಲ್ಲದೆ ಶಿಲೆಯ ಜಾತಿಯೂ ಕಾರಣವಾಗಬಹುದು. ಅಲ್ಲದೆ, ಚಿತ್ರ ಇಂದಿನ ಸ್ಥಿತಿಯನ್ನು ತೋರಿಸುತ್ತದೆಯೇ ಹೊರತು ಚಲನೆಯನ್ನಲ್ಲ. ಚಲನೆಯನ್ನು ಲೆಕ್ಕದಿಂದ ತಿಳಿಯಬೇಕು. ಶ್ರೀಲಂಕೆಯ ದಕ್ಷಿಣಕ್ಕೆ ಗುರುತ್ವ ಕಡಿಮೆಯಾಗಿ ಸಮುದ್ರದ ಮಟ್ಟ ಸುಮಾರು 100 ಮೀಟರು ತಗ್ಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ ಅವರು ಮ್ಯಾಂಟಲಿನ 14 ಕೋಟಿ ವರ್ಷಗಳ ಚಲನೆಯನ್ನು ಗಣಕದಲ್ಲಿ ಲೆಕ್ಕಹಾಕಿ, ಆಳದಿಂದೆದ್ದ ಬಿಸಿಯಾದ ಹಗುರ ಶಿಲೆಯೇ ಇದಕ್ಕೆ ಕಾರಣವೆಂದು 2023ರಲ್ಲಿ ವಿವರಿಸಿದರು.

ಇದು ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಸೇರಿದ ವಿಷಯವೆಂದು ಕಲಾ ವಿಭಾಗದ ಮಿತ್ರರು ತಿಳಿಯಬಾರದು. ನಾವು ಒಡೆದ ಶಾಸನಗಳಿಂದ ಅಳಿದುಹೋದ ರಾಜ್ಯಗಳನ್ನು ಅರಿಯುವುದಿಲ್ಲವೆ? ಕಾಣದುದನ್ನು ಸಾಕ್ಷ್ಯದಿಂದ ತಿಳಿಯುವುದು, ಸಾಕ್ಷ್ಯ ಹೇಳಿದುದಕ್ಕಿಂತ ಹೆಚ್ಚು ಹೇಳದಿರುವುದು: ಈ ವಿದ್ಯೆ ಎರಡೂ ವಿಭಾಗಗಳಿಗೆ ಒಂದೇ.