ಭಾರ ಎಳೆಯುವ ಪಿಕಪ್ ಮೋಟಾರಿಗೆ ಪ್ರೊಪೇನ್ ಅನಿಲ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಒಕ್ಕಲಿಗರು ಧಾನ್ಯ, ಒಣಹುಲ್ಲು, ದನಕರುಗಳನ್ನು ಟ್ರೇಲರಿನಲ್ಲಿ ತುಂಬಿ, ಅದನ್ನು ಪಿಕಪ್ ಎಂಬ ಸಣ್ಣ ಲಾರಿಯ ಹಿಂದಕ್ಕೆ ಕಟ್ಟಿ ಎಳೆಸುವುದು ವಾಡಿಕೆ. ಆ ದೇಶದ ಅನೇಕ ಹೊಲಮನೆಗಳಲ್ಲಿ ಕಾಳು ಒಣಗಿಸುವುದಕ್ಕೂ ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವುದಕ್ಕೂ ಪ್ರೊಪೇನ್ ಅನಿಲದ ದೊಡ್ಡ ತೊಟ್ಟಿ ಇದ್ದೇ ಇರುತ್ತದೆ. ಹಿತ್ತಿಲಲ್ಲಿರುವ ಇಂಧನದಿಂದಲೇ ಮೋಟಾರನ್ನೂ ನಡೆಸಬಾರದೇಕೆ ಎಂಬ ಯೋಚನೆ ಅಲ್ಲಿ ಹುಟ್ಟಿದ್ದು ಸಹಜವೇ ಸರಿ. ೧೯೪೧ರಲ್ಲಿಯೇ ಮಿನಿಯಾಪೊಲಿಸ್-ಮೊಲೀನ್ ಕಂಪನಿಯವರು ಈ ಬಗೆಯ ಅನಿಲದಿಂದ ನಡೆಯುವ ಟ್ರ್ಯಾಕ್ಟರನ್ನು ಕಾರ್ಖಾನೆಯಲ್ಲಿ ಸಿದ್ಧಪಡಿಸಿ ಮಾರಿದರು.

೧೯೩೯–೪೫ರ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವದಿಂದ ಇದ್ದಲಿನ ಅನಿಲದ ಬಸ್ಸುಗಳು ಓಡಿದುದನ್ನೂ, ಏರು ಬಂದಾಗ ಅವು ಏದುಸಿರು ಬಿಟ್ಟುದನ್ನೂ ಹಿರಿಯರಿಂದ ಕೇಳಿದವರು, ಪ್ರೊಪೇನೂ ಅಂಥದೇ ಎಂದು ಭಾವಿಸಬಹುದು. ಇದು ಅಷ್ಟು ಬಡ ಇಂಧನವಲ್ಲ. ಆದರೆ ಪೆಟ್ರೋಲಿಗೆ ಸರಿಸಾಟಿಯೂ ಅಲ್ಲ. ದ್ರವರೂಪದ ಒಂದು ಲೀಟರು ಪ್ರೊಪೇನಿನಲ್ಲಿರುವ ಶಾಖಶಕ್ತಿಯು ಒಂದು ಲೀಟರು ಪೆಟ್ರೋಲಿನಲ್ಲಿರುವುದರ ಸುಮಾರು ಮುಕ್ಕಾಲು ಪಾಲು ಮಾತ್ರ. ಟ್ರೇಲರು ಎಳೆಯುತ್ತ ಪೆಟ್ರೋಲಿನಲ್ಲಿ ಲೀಟರಿಗೆ ೪ ಕಿಲೋಮೀಟರು ಹೋಗುವ ಗಾಡಿಯು ಪ್ರೊಪೇನಿನಲ್ಲಿ ೩ ಕಿಲೋಮೀಟರು ಹೋದೀತು. ಬಿಸಿಲಿಗೆ ದ್ರವವು ಹಿಗ್ಗುವುದರಿಂದ ಟ್ಯಾಂಕನ್ನು ನೂರಕ್ಕೆ ೮೦ರಷ್ಟು ಮಾತ್ರ ತುಂಬತಕ್ಕದ್ದು. ಆದ್ದರಿಂದ ೧೦೦ ಲೀಟರಿನ ಟ್ಯಾಂಕಿನಿಂದ ೨೪೦ ಕಿಲೋಮೀಟರಿಗಿಂತ ಹೆಚ್ಚು ನಿರೀಕ್ಷಿಸಬಾರದು. ಲೀಟರು ಅನಿಲದ ಬೆಲೆ ಪೆಟ್ರೋಲಿನ ಬೆಲೆಯ ಮುಕ್ಕಾಲು ಪಾಲಿಗಿಂತ ಸಾಕಷ್ಟು ಕೆಳಗಿಲ್ಲದಿದ್ದರೆ, ಮಾರ್ಪಾಡಿಗೆ ಹಾಕಿದ ಹಣ ಹಿಂದಕ್ಕೆ ಬರುವುದಿಲ್ಲ. ಈ ಲೆಕ್ಕವನ್ನು ಮೊದಲು ಮಾಡದೆ ಮೇಸ್ತ್ರಿಯ ಮಾತಿಗೆ ತಲೆದೂಗಿದವರು ಆಮೇಲೆ ಪೇಚಾಡುತ್ತಾರೆ.

ಪ್ರೊಪೇನ್ ಸೊನ್ನೆಗಿಂತ ೪೨ ಡಿಗ್ರಿ ಸೆಂಟಿಗ್ರೇಡು ಕೆಳಗೇ ಕುದಿಯುವ ವಸ್ತು. ಒತ್ತಡದಿಂದ ಮಾತ್ರ ಅದು ಟ್ಯಾಂಕಿನಲ್ಲಿ ದ್ರವವಾಗಿ ನಿಲ್ಲುತ್ತದೆ. ಎಂಜಿನಿನ ಹತ್ತಿರ ಅಳವಡಿಸಿದ ಒಂದು ಪೆಟ್ಟಿಗೆಯಲ್ಲಿ ಅದು ಆವಿಯಾಗಿ, ಒತ್ತಡವಿಳಿದು, ಗಾಳಿಯೊಡನೆ ಬೆರೆತು ಒಳಗೆ ಹೋಗುವುದು. ಆವಿಯಾಗುವಾಗ ಅದು ಬಹಳ ಶಾಖವನ್ನು ಹೀರುತ್ತದೆ. ಈ ಶಾಖವನ್ನು ಎಂಜಿನಿನ ಬಿಸಿನೀರೇ ಕೊಡಬೇಕು. ಭಾರ ಹೆಚ್ಚಿದಷ್ಟೂ ಆವಿಯಾಗುವ ಅನಿಲ ಹೆಚ್ಚು. ರೇಡಿಯೇಟರಿನಲ್ಲಿ ನೀರು ತಗ್ಗಿದ್ದರೆ ಪೆಟ್ಟಿಗೆಯು ಹಿಮಗಟ್ಟಿ, ಗಾಡಿಯು ಏರಿನ ನಡುವೆಯೇ ನಿಂತುಬಿಡುವುದುಂಟು.

ಆವಿಯು ಸಿಲಿಂಡರಿನಲ್ಲಿ ಗಾಳಿಯ ಜಾಗವನ್ನು ಆಕ್ರಮಿಸುವುದರಿಂದ ಅಶ್ವಶಕ್ತಿ ಕೊಂಚ ಕುಗ್ಗುವುದು. ಇದನ್ನು ತುಂಬಿಕೊಳ್ಳುವ ಮಾರ್ಗವೂ ಆ ಅನಿಲದಲ್ಲಿಯೇ ಇದೆ. ಅದರ ಆಕ್ಟೇನ್ ಅಂಕ ನೂರಕ್ಕೂ ಮೇಲಿರುವುದರಿಂದ, ಎಂಜಿನಿನ ಒತ್ತುವಿಕೆಯನ್ನು ಹೆಚ್ಚಿಸಿದರೂ ಬಡಿತ ಕೇಳಿಬರುವುದಿಲ್ಲ. ಆದರೆ ಹಾಗೆ ಮಾಡಿದ ಮೇಲೆ ಸಾಮಾನ್ಯ ಪೆಟ್ರೋಲಿಗೆ ಮರಳುವಂತಿಲ್ಲ. ಎರಡು ಇಂಧನಗಳನ್ನೂ ಇಟ್ಟುಕೊಳ್ಳಬೇಕೆನ್ನುವವರು ಶಕ್ತಿಯ ಕೊರತೆಯನ್ನು ಸಹಿಸಲೇಬೇಕು. ಕಿಡಿ ಹಾರುವ ಸಮಯವನ್ನೂ ಅನಿಲಕ್ಕೆ ತಕ್ಕಂತೆ ತಿದ್ದಿಸತಕ್ಕದ್ದು.

ಎಲ್ಲಕ್ಕಿಂತ ದೊಡ್ಡ ನಷ್ಟ ಬರುವುದು ಜಿಪುಣತನದಿಂದ. ಅನಿಲ ಉಳಿಸಲೆಂದು ಮಿಶ್ರಣದಲ್ಲಿ ಗಾಳಿಯನ್ನು ಹೆಚ್ಚಿಸಿದರೆ, ಬರಿ ಗಾಡಿ ಚೆನ್ನಾಗಿಯೇ ಓಡುತ್ತದೆ. ಟ್ರೇಲರು ಕಟ್ಟಿ ಏರು ಹತ್ತಿಸುವಾಗ ಮಾತ್ರ ಹೊರದೂಡುವ ವಾಲ್ವುಗಳು ಸುಡುತ್ತವೆ. ಹಳೆಯ ಎಂಜಿನುಗಳಲ್ಲಿ ವಾಲ್ವು ಕೂರುವ ಪೀಠದ ಲೋಹ ಮೃದುವಾದುದು. ಒಣ ಅನಿಲದ ಉರಿಯಲ್ಲಿ ಅದು ಸವೆದು ವಾಲ್ವು ಒಳಕ್ಕೆ ಇಳಿಯುವುದು. ಭಾರ ಎಳೆಯತಕ್ಕ ಗಾಡಿಗೆ ಮೊದಲೇ ಗಡುಸು ಪೀಠಗಳನ್ನು ಹಾಕಿಸುವುದು ಲೇಸು. ಹೀಗೆ ಮಾಡಿದ ಎಂಜಿನಿನಲ್ಲಿ ಎಣ್ಣೆಯು ಬಹುಕಾಲ ನಿರ್ಮಲವಾಗಿರುವುದೆಂಬುದೂ ನಿಜ.

ಟ್ಯಾಂಕಿನ ಭಾರವನ್ನು ಮರೆಯಲಾಗದು. ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂರಬೇಕೆಂಬುದು ಅಲ್ಲಿನ ರೂಢಿ. ಇದೂ ಟ್ಯಾಂಕೂ ಸೇರಿ ಹಿಂದಿನ ಅಚ್ಚನ್ನೇ ಒತ್ತುವುದರಿಂದ, ಟ್ಯಾಂಕನ್ನು ಚಾಲಕನ ಕೋಣೆಯ ಬೆನ್ನಿಗೆ, ಅಚ್ಚಿಗಿಂತ ಮುಂದೆ ಇರಿಸಿ, ಅಷ್ಟು ಸಾಮಾನನ್ನು ಕಡಿಮೆಮಾಡುವುದು ಯುಕ್ತ.

ಕರ್ನಾಟಕದ ಜಮೀನುದಾರರು ಗಮನಿಸತಕ್ಕ ಸಂಗತಿಗಳು ಬೇರೆ ಉಂಟು. ಇಲ್ಲಿನ ಪಿಕಪ್ಪುಗಳಲ್ಲಿ ಡೀಸೆಲಿನವೇ ಬಹಳ. ಕಿಡಿಯ ಪ್ಲಗ್ಗಿಲ್ಲದ ಡೀಸೆಲ್ ಎಂಜಿನನ್ನು ಕೇವಲ ಅನಿಲದಿಂದ ನಡೆಸಲು ಅದನ್ನು ಬಹುಮಟ್ಟಿಗೆ ಬೇರೆಯೇ ಎಂಜಿನನ್ನಾಗಿ ಮಾಡಬೇಕಾಗುವುದು. ಆ ವೆಚ್ಚ ವ್ಯರ್ಥ. ಪೆಟ್ರೋಲ್ ಗಾಡಿಗಾದರೂ ಇಲ್ಲಿ ದೊರೆಯುವುದು ಪ್ರೊಪೇನೂ ಬ್ಯೂಟೇನೂ ಕೂಡಿದ ಆಟೋ ಎಲ್‌ಪಿಜಿ. ಬೆಂಗಳೂರಿನ ಆಟೋರಿಕ್ಷಾಗಳು ಬಳಸುವುದು ಇದನ್ನೇ. ಮಂಜೂರಾದ ಉಪಕರಣವನ್ನೇ ಅಧಿಕೃತ ಕಾರ್ಯಾಗಾರದಲ್ಲಿ ಹಾಕಿಸಿ, ನೋಂದಣಿ ಪತ್ರದಲ್ಲಿ ಬರೆಯಿಸತಕ್ಕದ್ದು. ಅಡಿಗೆಮನೆಯ ಸಿಲಿಂಡರನ್ನು ಮೋಟಾರಿಗೆ ಜೋಡಿಸುವುದು ೨೦೦೦ದ ಆಜ್ಞೆಯಂತೆ ಅಪರಾಧ. ಅದು ನೆಟ್ಟಗೆ ನಿಲ್ಲಿಸಿ ಮೇಲಿನ ಆವಿಯನ್ನು ತೆಗೆಯುವುದಕ್ಕಾಗಿ ಮಾಡಿದ್ದು, ಕುಲುಕಾಟದ ರಸ್ತೆಗಲ್ಲ. ಗ್ರಾಮದಲ್ಲಿ ಇಂಥದು ಕಂಡುಬಂದರೆ ಕೂಡಲೆ ತಡೆಯುವುದು ಅವಶ್ಯ.

ಈ ಅನಿಲವು ಗಾಳಿಗಿಂತ ಸುಮಾರು ಒಂದೂವರೆಯಷ್ಟು ತೂಕವುಳ್ಳದ್ದು. ಸೋರಿದರೆ ಮೇಲಕ್ಕೆ ಹಾರದೆ ನೆಲದ ಮೇಲೆಯೇ ಹರಿದು ತಗ್ಗಿನಲ್ಲಿ ನಿಲ್ಲುವುದು. ಆದಕಾರಣ ಅನಿಲದ ಗಾಡಿಯನ್ನು ಕಣಜದ ಹಗೇವಿನ ಬಳಿಯಾಗಲಿ, ಒಲೆ ಉರಿಯುವ ಮುಚ್ಚಿದ ಕೊಟ್ಟಿಗೆಯಲ್ಲಾಗಲಿ ನಿಲ್ಲಿಸಕೂಡದು. ದುರ್ವಾಸನೆ ಬಂದಾಗ ದೀಪ ಹಚ್ಚಿ ನೋಡದೆ, ಟ್ಯಾಂಕಿನ ತಿರುಪನ್ನು ಮುಚ್ಚಿ ಗಾಡಿಯನ್ನು ಕೈಯಿಂದಲೇ ಬಯಲಿಗೆ ನೂಕತಕ್ಕದ್ದು.