ಓಟ್ಸ್ ಬಿಸ್ಕತ್ತು: ಮನೆಯಲ್ಲೇ ಮಾಡಿ, ಎಣಿಸಿ ತಿನ್ನಿ

ಸಂಜೆ ರೋಗಿಗಳನ್ನು ನೋಡಲು ಬರುವ ಬಂಧುಗಳ ಕೈಚೀಲದಲ್ಲಿ ಹಿಂದೆ ಬ್ರೆಡ್ಡು, ಮೋಸಂಬಿ ಇರುತ್ತಿದ್ದವು. ಈಗ ಅವುಗಳ ಜೊತೆ ಓಟ್ಸ್ ಬಿಸ್ಕತ್ತಿನ ಪೊಟ್ಟಣವೂ ಬರುತ್ತದೆ. "ಇದು ಸಕ್ಕರಿ ಬ್ಯಾನಿಯವರಿಗಂತನ ಮಾಡಿದ್ದಂತ್ರಿ, ಎಷ್ಟ ತಿಂದ್ರೂ ನಡೀತೈತಂತ" ಎಂದು ತಾಯಿಯೊಬ್ಬರು ನಮ್ಮ ದಾದಿಯರಿಗೆ ಹೇಳಿದ್ದರು. ಪೊಟ್ಟಣ ತಿರುಗಿಸಿ ನೋಡಿದರೆ ಪಟ್ಟಿಯಲ್ಲಿ ಮೊದಲಿಗೆ ಇದ್ದದ್ದು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ಎಣ್ಣೆ. ಓಟ್ಸ್ ಆಮೇಲೆ.

ಆದ್ದರಿಂದ ಮೊದಲು ಇದೊಂದನ್ನು ಕಲಿತುಕೊಳ್ಳಿ. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳ ಹೆಸರನ್ನು ತೂಕದ ಕ್ರಮದಲ್ಲಿ ಅಚ್ಚು ಹಾಕಿರುತ್ತಾರೆ. ಯಾವುದು ಹೆಚ್ಚೋ ಅದು ಮೊದಲು. ಸಂಸ್ಕರಿಸಿದ ಗೋಧಿ ಹಿಟ್ಟು ಎಂದರೆ ಮೈದಾ ಎಂದೇ ಅರ್ಥ. ಮುಂಬದಿಯ ಚಿತ್ರ ನೋಡಿ ಕೊಳ್ಳಬೇಡಿ. ಬಿಸ್ಕತ್ತು ಬೇಕೇ ಬೇಕೆನಿಸಿದರೆ ಮನೆಯಲ್ಲಿ ಮಾಡಿಕೊಳ್ಳುವುದು ಲೇಸು; ಒಳಗೆ ಏನು ಹೋಗಿದೆ ಎಂಬುದು ನಿಮಗೇ ಗೊತ್ತಿರುತ್ತದೆ.

ಬೇಕಾಗುವ ಸಾಮಾನು: ಏನೂ ಬೆರೆಸದ ಸಾದಾ ಓಟ್ಸ್ 80 ಗ್ರಾಂ (ಒಂದು ಲೋಟದಷ್ಟು), ಜರಡಿ ಹಿಡಿಯದ ಗೋಧಿ ಹಿಟ್ಟು 60 ಗ್ರಾಂ, ರಾಗಿ ಹಿಟ್ಟು 30 ಗ್ರಾಂ, ಬೆಲ್ಲದ ಪುಡಿ 50 ಗ್ರಾಂ, ತುಪ್ಪ 50 ಗ್ರಾಂ, ಹುರಿದು ತರಿಯಾಗಿ ಕುಟ್ಟಿದ ಶೇಂಗಾ 25 ಗ್ರಾಂ, ಎಳ್ಳು ಒಂದು ದೊಡ್ಡ ಚಮಚ, ಅಗಸೆ ಬೀಜದ ಪುಡಿ ಒಂದು ದೊಡ್ಡ ಚಮಚ, ಬೇಕಿಂಗ್ ಪೌಡರ್ ಅರ್ಧ ಸಣ್ಣ ಚಮಚ, ಏಲಕ್ಕಿ, ಸ್ವಲ್ಪ ಹಾಲು. ರಕ್ತದೊತ್ತಡ ಇರುವ ಮನೆಯಲ್ಲಿ ಉಪ್ಪು ಹಾಕುವುದೇ ಬೇಡ, ರುಚಿ ಕೆಡುವುದಿಲ್ಲ.

ಬೇಕರಿಯವರು ಹಿಟ್ಟು ಹಿಡಿದುಕೊಳ್ಳಲೆಂದು ಮೊಟ್ಟೆ ಹಾಕುವುದುಂಟು. ನಮ್ಮಲ್ಲಿ ಆ ಕೆಲಸವನ್ನು ಅಗಸೆ ಮಾಡುತ್ತದೆ. ಅಗಸೆ ಪುಡಿಯನ್ನು ಮೂರು ಚಮಚ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ಓಟ್ಸನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಅರ್ಧದಷ್ಟನ್ನು ಮಾತ್ರ ಮಿಕ್ಸಿಗೆ ಹಾಕಿ ತರಿಯಾಗಿ ಪುಡಿ ಮಾಡಿಕೊಳ್ಳಿ. ಎಲ್ಲವನ್ನೂ ನುಣ್ಣಗೆ ಮಾಡಿದರೆ ಬಿಸ್ಕತ್ತು ಗಟ್ಟಿ ಹಲ್ಲೆಯಾಗುತ್ತದೆ. ಹಾಗೆಯೇ ಬಿಟ್ಟರೆ ತಟ್ಟುವಾಗ ಉದುರುತ್ತದೆ.

ತುಪ್ಪ, ಬೆಲ್ಲವನ್ನು ಕೈಯಿಂದ ಚೆನ್ನಾಗಿ ತಿಕ್ಕಿ, ಅಗಸೆಯ ಲೋಳೆ ಸೇರಿಸಿ, ಒಣ ಸಾಮಾನೆಲ್ಲ ಹಾಕಿ ಕಲಸಿ. ಹಾಲನ್ನು ಚಮಚ ಚಮಚವಾಗಿ ಹಾಕಬೇಕು. ಇಲ್ಲಿ ಹೆಚ್ಚಿನವರು ಅವಸರಪಡುತ್ತಾರೆ. ಓಟ್ಸ್ ನಿಧಾನವಾಗಿ ನೀರು ಕುಡಿಯುವ ಧಾನ್ಯ. ಕಲಸಿದ ಹಿಟ್ಟನ್ನು ಇಪ್ಪತ್ತು ನಿಮಿಷ ಮುಚ್ಚಿಟ್ಟು, ಆಮೇಲೂ ಒಣಗಿದೆ ಎನಿಸಿದರೆ ಮಾತ್ರ ಇನ್ನೊಂದು ಚಮಚ ಹಾಲು ಹಾಕಿ. ನಂತರ ನಿಂಬೆ ಗಾತ್ರಕ್ಕಿಂತ ತುಸು ಚಿಕ್ಕದಾದ 20 ಉಂಡೆ ಮಾಡಿ ಅಂಗೈಯಲ್ಲಿ ತಟ್ಟಿ.

ಓವನ್ ಇದ್ದವರು 170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15ರಿಂದ 18 ನಿಮಿಷ ಬೇಯಿಸಬಹುದು. ಓವನ್ ಇಲ್ಲದವರಿಗೆ ದಪ್ಪ ಕಬ್ಬಿಣದ ಬಾಣಲೆಯೇ ಸಾಕು. ತಳದಲ್ಲಿ ಎರಡು ಲೋಟ ಪುಡಿ ಉಪ್ಪು ಹರಡಿ, ಅದರ ಮೇಲೆ ಒಂದು ಸಿಂಬಿ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಬಳಿಕ ತುಪ್ಪ ಸವರಿದ ತಟ್ಟೆಯಲ್ಲಿ ಬಿಸ್ಕತ್ತು ಜೋಡಿಸಿ ಒಳಗಿಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಒಣದಾಗಿ ಕಾಯಿಸಬಾರದು. ಅಂಚು ಕೆಂಪಗಾದಾಗ ಇಳಿಸಿ. ಬಿಸಿಯಿರುವಾಗ ಮೆತ್ತಗೇ ಇರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ, ಆರಿದಂತೆ ಗರಿಗರಿಯಾಗುತ್ತದೆ. ಹಲ್ಲಿಲ್ಲದ ಹಿರಿಯರಿಗಾದರೆ ಎರಡು ನಿಮಿಷ ಮೊದಲೇ ತೆಗೆಯಿರಿ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿದರೆ ಒಂದು ವಾರ ಕೆಡುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಈ ಅಳತೆಯ ಒಂದು ಬಿಸ್ಕತ್ತಿನಲ್ಲಿ ಸುಮಾರು 75 ಕ್ಯಾಲೊರಿ ಇದೆ, ಅಂದರೆ ಎಣ್ಣೆ ಸವರದ ಒಂದು ಸಣ್ಣ ಚಪಾತಿಯಷ್ಟು. ನಾಲ್ಕು ತಿಂದವರು ನಾಲ್ಕು ಚಪಾತಿ ತಿಂದಂತೆಯೇ. ಬೆಲ್ಲ ಹಾಕಿದ್ದೇವಲ್ಲ, ಸಕ್ಕರೆ ಏರುವುದಿಲ್ಲ ಎಂಬ ಮಾತನ್ನು ದಿನವೂ ಕೇಳುತ್ತೇವೆ. ಬೆಲ್ಲದಲ್ಲಿರುವುದೂ ಬಹುಪಾಲು ಸಕ್ಕರೆಯೇ; ರಕ್ತಕ್ಕೆ ಅದರ ಬಣ್ಣ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯವರು ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಬಿಸ್ಕತ್ತನ್ನು ಊಟದ ಲೆಕ್ಕದೊಳಗೇ ಸೇರಿಸಿ ತಿನ್ನಬಹುದು. ಊಟದ ಮೇಲೆ ಹೆಚ್ಚುವರಿಯಾಗಿ ಅಲ್ಲ.

ಓಟ್ಸ್ ತಿಂದರೆ ಕೊಲೆಸ್ಟರಾಲ್ ಇಳಿಯುವುದು ಸುಳ್ಳೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ. ಓಟ್ಸ್‌ನಲ್ಲಿ ಬೀಟಾ ಗ್ಲುಕಾನ್ ಎಂಬ ಕರಗುವ ನಾರು ಇದೆ. ಅದು ಕರುಳಿನಲ್ಲಿ ಅಂಟಾಗಿ ಪಿತ್ತರಸವನ್ನು ಹಿಡಿದು ಹೊರಹಾಕುತ್ತದೆ. ಹೊಸ ಪಿತ್ತರಸ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ಅಮೆರಿಕದ ಆಹಾರ ನಿಯಂತ್ರಣ ಇಲಾಖೆ 1997ರಲ್ಲೇ ಇದನ್ನು ಒಪ್ಪಿದೆ. ಆದರೆ ದಿನಕ್ಕೆ 3 ಗ್ರಾಂ ಬೀಟಾ ಗ್ಲುಕಾನ್ ಬೇಕು. ಅದಕ್ಕೆ ಸುಮಾರು 75 ಗ್ರಾಂ ಓಟ್ಸ್ ಬೇಕು. ನಮ್ಮ ಅಳತೆಯಲ್ಲಿ ಅಷ್ಟು ಓಟ್ಸ್ ಇಪ್ಪತ್ತು ಬಿಸ್ಕತ್ತಿಗೆ ಹಂಚಿಹೋಗಿದೆ! ಡಬ್ಬಿಯನ್ನೇ ಖಾಲಿ ಮಾಡಬೇಕಾದೀತು. ಕೊಲೆಸ್ಟರಾಲಿಗಾಗಿ ಓಟ್ಸ್ ತಿನ್ನುವವರು ಗಂಜಿಯನ್ನೋ ತರಕಾರಿ ಹಾಕಿದ ಉಪ್ಪಿಟ್ಟನ್ನೋ ಮಾಡಿಕೊಳ್ಳಿ. ಬಿಸ್ಕತ್ತು ಔಷಧಿಯಲ್ಲ, ಮೈದಾ ಬಿಸ್ಕತ್ತಿನ ಬದಲಿಗೆ ಒಂದು ತಿಂಡಿ ಅಷ್ಟೆ.

ಮೂತ್ರಪಿಂಡದ ತೊಂದರೆ ಇರುವವರು ಬೆಲ್ಲ, ಶೇಂಗಾ, ರಾಗಿ ಸೇರಿದ ಈ ಬಿಸ್ಕತ್ತನ್ನು ತಮ್ಮ ವೈದ್ಯರನ್ನು ಕೇಳದೆ ತಿನ್ನಬಾರದು. ಗೋಧಿ ಒಗ್ಗದವರಿಗೆ ಇದು ಆಗದು. ಒಂದು ವರ್ಷದೊಳಗಿನ ಮಗುವಿಗೆ ಜೇನು ಹಾಕಿದ ಯಾವ ತಿಂಡಿಯೂ ಬೇಡ. ಚಿಕ್ಕ ಮಕ್ಕಳಿಗೆ ಮಾಡುವಾಗ ಶೇಂಗಾವನ್ನು ನುಣ್ಣಗೆ ಪುಡಿ ಮಾಡಿ ಹಾಕಿ. ಚೂರು ಉಸಿರುನಾಳಕ್ಕೆ ಸಿಕ್ಕಿಕೊಂಡರೆ ಅಪಾಯ.

ಕೊನೆಯದಾಗಿ, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರ ಮನೆಯವರು ಇದನ್ನು ಗಮನವಿಟ್ಟು ಓದಬೇಕು. ನಮ್ಮಲ್ಲಿ ದಾಖಲಾಗಿದ್ದ ಒಬ್ಬ ಹಿರಿಯರಿಗೆ ಮನೆಯಲ್ಲಿ ಸಂಜೆ ಕೈ ನಡುಗಿ, ಮೈ ಬೆವರಿ, ಮಾತು ತೊದಲಿತು. ಸಕ್ಕರೆ ಇಳಿದಿದೆ ಎಂದು ಪತ್ನಿ ಸರಿಯಾಗಿಯೇ ಊಹಿಸಿದರು. ಒಳ್ಳೆಯದೆಂದು ಎರಡು ಓಟ್ಸ್ ಬಿಸ್ಕತ್ತು ತಿನ್ನಿಸಿ, ಈಗ ಸರಿಹೋದೀತೆಂದು ಅರ್ಧ ಗಂಟೆ ಕಾದರು. ಸರಿಹೋಗಲಿಲ್ಲ, ಎಚ್ಚರವೇ ತಪ್ಪಿತು. ನಾರು, ತುಪ್ಪ ಇರುವ ತಿಂಡಿ ಸಕ್ಕರೆಯನ್ನು ರಕ್ತಕ್ಕೆ ನಿಧಾನವಾಗಿ ಬಿಡುತ್ತದೆ. ಉಳಿದ ಹೊತ್ತಿನಲ್ಲಿ ಅದು ಅನುಕೂಲ, ಆ ಹೊತ್ತಿನಲ್ಲಿ ಅದೇ ಅಪಾಯ.

ಅಂಥ ವೇಳೆ ಮೂರು ಸಣ್ಣ ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ಅರ್ಧ ಲೋಟ ನೀರಿನಲ್ಲಿ ಕದಡಿ ಕೂಡಲೇ ಕುಡಿಸಿ. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ತಕ್ಷಣ ಆಸ್ಪತ್ರೆಗೆ ಕರೆತನ್ನಿ. ಚೇತರಿಸಿಕೊಂಡವರಿಗೆ ಮುಂದಿನ ಊಟ ತಡವಿದ್ದರೆ, ಆಗ ಒಂದೆರಡು ಓಟ್ಸ್ ಬಿಸ್ಕತ್ತು ಕೊಡಬಹುದು.