ನಿಲುಗಡೆ

ನಾವು ಹೊರಮಾವಿನ ಹೆಂಗಸರು. ಕೆಲಸ ಮುಗಿಸಿ ಸಂಜೆ ಓದಲು ಕೂರುತ್ತೇವೆ. ಇವತ್ತು ಒಂದು ಪದ ಕಲಿಯೋಣ. ಆ ಪದ 'ನಿಲುಗಡೆ'.

ಬಸ್ಸು ಒಂದು ಕಡೆಯಿಂದ ಹೊರಡುತ್ತೆ. ಇನ್ನೊಂದು ಕಡೆ ಹೋಗಿ ಸೇರುತ್ತೆ. ನಡುವೆ ಅಲ್ಲಲ್ಲಿ ನಿಲ್ಲುತ್ತೆ. ಜನ ಇಳೀತಾರೆ, ಹತ್ತುತ್ತಾರೆ. ಹೀಗೆ ನಡುದಾರಿಯಲ್ಲಿ ನಿಲ್ಲುವುದೇ ನಿಲುಗಡೆ. ಹೆಬ್ಬಾಳದಿಂದ ಕೆ.ಆರ್.ಪುರದ ಕಡೆಗೆ ಬನ್ನಿ. ನಾಗವಾರ, ಕಲ್ಯಾಣನಗರ, ಹೊರಮಾವು, ರಾಮಮೂರ್ತಿನಗರ ಸಿಗುತ್ತವೆ. ಇವೆಲ್ಲ ನಡುವಿನ ನಿಲುಗಡೆಗಳು.

ನಮ್ಮ ಗುಂಪಿನ ಒಬ್ಬರ ತವರು ನರಸಾಪುರ. ಅದು ಹೊಸಕೋಟೆಗೂ ಕೋಲಾರಕ್ಕೂ ನಡುವೆ ಇದೆ. ಆಗ ಅವರಿಗೆ ಓದು ಬರುತ್ತಿರಲಿಲ್ಲ. "ಕೋಲಾರ, ಕೋಲಾರ" ಎಂಬ ಕೂಗು ಕೇಳಿ ಕೆ.ಆರ್.ಪುರದಲ್ಲಿ ಬಸ್ಸು ಹತ್ತಿದರು. ಬಸ್ಸಿನ ಮುಂದೆ 'ತಡೆರಹಿತ' ಎಂದು ಬರೆದಿತ್ತು. ನರಸಾಪುರ ಬಂತು, ಹೋಯಿತು. ಬಸ್ಸು ನಿಲ್ಲಲೇ ಇಲ್ಲ. ಕಂಕುಳಲ್ಲಿ ಕೂಸು. ಕೋಲಾರದಲ್ಲಿ ಇಳಿದು, ಬೇರೆ ಬಸ್ಸು ಹಿಡಿದು ಹಿಂದಕ್ಕೆ ಬಂದರು. ತವರು ಮುಟ್ಟುವಾಗ ಕತ್ತಲಾಗಿತ್ತು.

ಒಂದು ಪದ ಓದಲು ಬಂದಿದ್ದರೆ ಈ ಪಾಡು ಇರುತ್ತಿತ್ತೇ?

ಬಸ್ಸಿನ ಹಲಗೆಯಲ್ಲಿ, ದಾರಿಯ ಹಲಗೆಯಲ್ಲಿ ಈ ಪದಗಳು ಇರುತ್ತವೆ. ಜೋರಾಗಿ ಓದಿ.

ಸಾಮಾನ್ಯ: ದಾರಿಯ ಊರುಗಳಲ್ಲಿ ನಿಲ್ಲುವ ಬಸ್ಸು.
ವೇಗದೂತ: ಕೆಲವು ಊರುಗಳಲ್ಲಿ ಮಾತ್ರ ನಿಲ್ಲುವ ಬಸ್ಸು.
ತಡೆರಹಿತ: ನಡುವೆ ನಿಲುಗಡೆ ಇಲ್ಲದ ಬಸ್ಸು.
ಕೋರಿಕೆ ನಿಲುಗಡೆ: ಕೇಳಿದರೆ ಮಾತ್ರ ಬಸ್ಸು ನಿಲ್ಲುವ ಜಾಗ.

ಇನ್ನೂ ಎರಡು ಪದ ನೋಡಿ. ನಿಲ್ + ತಾಣ = ನಿಲ್ದಾಣ. ತಂಗು + ತಾಣ = ತಂಗುದಾಣ. ತಾಣ ಎಂದರೆ ಜಾಗ. ಬಸ್ಸು ನಿಲ್ಲುವ ಜಾಗ ನಿಲ್ದಾಣ. ಬಸ್ಸಿಗಾಗಿ ನಾವು ನೆರಳಲ್ಲಿ ಕಾಯುವ ಜಾಗ ತಂಗುದಾಣ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಆದರೂ ಚೀಟಿ ಪಡೆಯಲೇಬೇಕು. ಇಳಿಯುವ ಊರು ಹೇಳಬೇಕು. ಚೀಟಿಯಲ್ಲಿ ಎಲ್ಲಿಂದ, ಎಲ್ಲಿಗೆ ಎಂದು ಇರುತ್ತೆ. ಓದಿ ನೋಡಿಕೊಳ್ಳಿ. ತಪ್ಪಿದ್ದರೆ ಕೂಡಲೇ ಹೇಳಿ.

ಹತ್ತುವ ಮೊದಲು ಹಲಗೆ ಓದೋಣ. ಸಂಶಯ ಬಂದರೆ "ನಮ್ಮೂರಲ್ಲಿ ನಿಲ್ಸ್ತೀರಾ?" ಅಂತ ಕೇಳೋಣ. ಕೇಳಲು ನಾಚಿಕೆ ಬೇಡ. ನರಸಾಪುರದ ನಮ್ಮ ಗೆಳತಿ ಈಗ ತಾವೇ ಹಲಗೆ ಓದಿ ಬಸ್ಸು ಹತ್ತುತ್ತಾರೆ. ಪಕ್ಕದವರಿಗೂ ಓದಿ ಹೇಳುತ್ತಾರೆ.

ಅಭ್ಯಾಸ
1. ತಡೆರಹಿತ ಬಸ್ಸು ಎಂದರೇನು?
2. ನಿಮ್ಮ ಮನೆಯಿಂದ ತವರಿಗೆ ಹೋಗುವಾಗ ಸಿಗುವ ನಿಲುಗಡೆಗಳ ಹೆಸರು ಬರೆಯಿರಿ.